ಸಣ್ಣ ಚಾಕುಗಳ ಹರಿತಗೊಳಿಸುವಿಕೆ

ಸಣ್ಣ ಚಾಕುಗಳ ಹರಿತಗೊಳಿಸುವಿಕೆ ಎಂದರೆ ಮಡಚುವ ಚಾಕು, ಪೆನ್ನುಚಾಕು, ಹಣ್ಣು ತರಕಾರಿಗಳ ಸಿಪ್ಪೆ ತೆಗೆಯುವ ಚಾಕು, ಮರಕೆತ್ತನೆಯ ಚಾಕು ಮೊದಲಾದ ಕಿರಿದಾದ ಅಲಗುಗಳ ಮೊಂಡು ಅಂಚನ್ನು ಗಟ್ಟಿಯಾದ ವಸ್ತುವಿನ ಮೇಲೆ ಮಸೆದು ಮತ್ತೆ ಹರಿತ ಮಾಡುವ ಕ್ರಿಯೆ. ಇದಕ್ಕೆ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಚಾಕುವನ್ನು ಕೈಯಲ್ಲೇ ಹಿಡಿದು, ಕೋನವನ್ನು ಅಂದಾಜಿನಿಂದ ಕಾಯ್ದುಕೊಂಡು, ಸಾಣೆಕಲ್ಲಿನ ಮೇಲೆ ಮಸೆಯಲಾಗುತ್ತದೆ. ಎರಡನೆಯದರಲ್ಲಿ ಕ್ಲ್ಯಾಂಪ್, ಸರಳು ಅಥವಾ ಆಧಾರಗಳ ನೆರವಿನಿಂದ ಕೋನವನ್ನು ಸ್ಥಿರವಾಗಿಡುವ ಉಪಕರಣವನ್ನು ಬಳಸಲಾಗುತ್ತದೆ. ಇಂಥ ಉಪಕರಣವನ್ನು ಈ ಲೇಖನದಲ್ಲಿ ಕೋನ ನಿಯಂತ್ರಿತ ಸಾಧನ ಎಂದು ಕರೆಯಲಾಗಿದೆ.

ಅಲಗು ಕಿರಿದಾದಷ್ಟೂ ಕೈಯ ಅಲ್ಪ ಅಲುಗಾಟವೂ ಕೋನವನ್ನು ಹೆಚ್ಚು ಬದಲಿಸುತ್ತದೆ. ಆದ್ದರಿಂದ ಸಣ್ಣ ಚಾಕುಗಳಿಗೆ ಕೋನ ನಿಯಂತ್ರಿತ ಸಾಧನಗಳು ಉಪಯುಕ್ತವೆನಿಸುತ್ತವೆ. ಆದರೆ ಅಗಲ ತೀರ ಕಡಿಮೆಯಿದ್ದರೆ ಅಲಗನ್ನು ಕ್ಲ್ಯಾಂಪಿನಲ್ಲಿ ಹಿಡಿಸುವುದೇ ಕಷ್ಟವಾಗುವುದರಿಂದ ಈ ಸಾಧನಗಳಿಗೂ ಮಿತಿಯುಂಟು. ಎರಡೂ ವಿಧಾನಗಳಲ್ಲಿ ಕೆಲಸ ಮುಗಿದಿದೆಯೇ ಎಂಬುದನ್ನು ತಿಳಿಸುವುದು ಉಪಕರಣವಲ್ಲ, ಅಂಚಿನಲ್ಲಿ ಮೂಡುವ ಬರ್ ಎಂಬ ಲೋಹದ ತೆಳು ಮಡಿಕೆ.

ಪದಬಳಕೆ

ಕನ್ನಡದಲ್ಲಿ ಹರಿತಗೊಳಿಸುವುದಕ್ಕೆ ‘ಮಸೆಯುವುದು’, ‘ಸಾಣೆ ಹಿಡಿಯುವುದು’ ಎಂಬ ಮಾತುಗಳು ಬಳಕೆಯಲ್ಲಿವೆ. ‘ಸಾಣೆ’ ಎಂಬುದು ಸಂಸ್ಕೃತದ ‘ಶಾಣ’ ಶಬ್ದದ ತದ್ಭವ. ಗಂಧ ತೇಯುವ ಕಲ್ಲಿಗೂ ಸಾಣೆಕಲ್ಲು ಎಂಬ ಹೆಸರಿದೆ. ಸಾಮಾನ್ಯ ಬಳಕೆಯಲ್ಲಿ ‘ಮಸೆಯುವುದು’ ಕಲ್ಲಿನ ಮೇಲೆ ಕೈಯಿಂದ ಉಜ್ಜುವುದನ್ನೂ ‘ಸಾಣೆ ಹಿಡಿಯುವುದು’ ಹೆಚ್ಚಾಗಿ ತಿರುಗುವ ಚಕ್ರಕ್ಕೆ ಒಡ್ಡುವುದನ್ನೂ ಸೂಚಿಸುತ್ತವೆ. ಈ ಲೇಖನದಲ್ಲಿ ಅಲಗಿನ ಕತ್ತರಿಸುವ ಬದಿಯನ್ನು ‘ಅಂಚು’ ಎಂದೂ, ಅದರ ಎದುರಿನ ದಪ್ಪ ಬದಿಯನ್ನು ‘ಬೆನ್ನು’ ಎಂದೂ, ಅಂಚಿಗೆ ಹೊಂದಿಕೊಂಡ ಇಳಿಜಾರು ಭಾಗವನ್ನು ‘ಓರೆಮುಖ’ ಎಂದೂ ಕರೆಯಲಾಗಿದೆ.

ಅಂಚಿನ ರಚನೆ

ಅಲಗಿನ ಎರಡು ಬದಿಗಳ ಓರೆಮುಖಗಳು ಒಂದು ಗೆರೆಯಲ್ಲಿ ಕೂಡಿದಾಗ ಅಂಚು ರೂಪುಗೊಳ್ಳುತ್ತದೆ. ಒಂದು ಓರೆಮುಖವು ಅಲಗಿನ ನಡುಸಮತಲದೊಂದಿಗೆ ಮಾಡುವ ಕೋನವನ್ನು ‘ಒಂದು ಬದಿಯ ಕೋನ’ ಎನ್ನಲಾಗುತ್ತದೆ. ಎರಡೂ ಬದಿಗಳ ಕೋನಗಳನ್ನು ಕೂಡಿಸಿದರೆ ‘ಒಟ್ಟು ಕೋನ’ ದೊರೆಯುತ್ತದೆ. ಒಂದು ಬದಿಗೆ 20° ಇದ್ದರೆ ಒಟ್ಟು ಕೋನ 40°. ಉಪಕರಣಗಳ ಕೈಪಿಡಿಗಳಲ್ಲಿ ಕೆಲವೊಮ್ಮೆ ಒಂದು ಬದಿಯ ಕೋನವನ್ನೂ ಕೆಲವೊಮ್ಮೆ ಒಟ್ಟು ಕೋನವನ್ನೂ ನೀಡಿರುವುದರಿಂದ ಯಾವುದನ್ನು ಹೇಳಿದೆ ಎಂಬುದನ್ನು ಗಮನಿಸಬೇಕಾಗುತ್ತದೆ.

ಹರಿತವಾದ ಚಾಕುವಿನ ಅಂಚಿನ ತುದಿ ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ, ತೆಳುವಾಗಿರಬಲ್ಲದು. ಬಳಕೆಯಿಂದ ಈ ತುದಿ ಸವೆದು ಉರುಟಾಗುತ್ತದೆ, ಒಂದು ಬದಿಗೆ ಬಾಗುತ್ತದೆ ಅಥವಾ ಅಲ್ಲಲ್ಲಿ ಮುರಿಯುತ್ತದೆ. ಈ ಮೂರು ಬಗೆಯ ಹಾನಿಯನ್ನೂ ಒಟ್ಟಾಗಿ ‘ಮೊಂಡಾಗುವಿಕೆ’ ಎನ್ನಲಾಗುತ್ತದೆ.

ಕಡಿಮೆ ಕೋನದ ಅಂಚು ಸಲೀಸಾಗಿ ಕತ್ತರಿಸುತ್ತದೆಯಾದರೂ ಅದು ದುರ್ಬಲ. ಹೆಚ್ಚು ಕೋನದ ಅಂಚು ಬಾಳಿಕೆ ಬರುತ್ತದೆಯಾದರೂ ಕತ್ತರಿಸಲು ಹೆಚ್ಚಿನ ಬಲ ಬೇಕು. ಹಣ್ಣು ತರಕಾರಿಗಳ ಸಣ್ಣ ಚಾಕುವಿಗೆ ಒಂದು ಬದಿಗೆ ಸುಮಾರು 15°, ಹಗ್ಗ, ರಟ್ಟು ಮೊದಲಾದವುಗಳನ್ನು ಕತ್ತರಿಸುವ ಮಡಚುವ ಚಾಕುವಿಗೆ ಸುಮಾರು 20° ಎಂಬುದು ರೂಢಿಯಲ್ಲಿರುವ ಆಯ್ಕೆ.

ಒಮ್ಮೆ ಮಸೆದು ತೆಗೆದ ಲೋಹ ಮರಳಿ ಬರುವುದಿಲ್ಲ. ಸಣ್ಣ ಅಲಗಿನಲ್ಲಿ ಸವೆಯಲು ಉಳಿದಿರುವ ಉಕ್ಕೇ ಕಡಿಮೆ. ಪ್ರತಿ ಬಾರಿಯೂ ಬೇರೆ ಬೇರೆ ಕೋನದಲ್ಲಿ ಮಸೆದರೆ ಹೊಸ ಓರೆಮುಖವನ್ನು ರೂಪಿಸಲು ಅನಗತ್ಯವಾಗಿ ಲೋಹ ವ್ಯಯವಾಗಿ ಅಲಗು ಬೇಗನೆ ಕಿರಿದಾಗುತ್ತದೆ. ಜೊತೆಗೆ, ಅಲಗು ಬೆನ್ನಿನ ಕಡೆಗೆ ದಪ್ಪವಾಗಿರುವುದರಿಂದ, ಕಿರಿದಾದಂತೆಲ್ಲ ಅಂಚಿನ ಹಿಂಭಾಗವೂ ದಪ್ಪವಾಗುತ್ತ ಹೋಗಿ ಚಾಕು ಹರಿತವಾಗಿದ್ದರೂ ಸರಾಗವಾಗಿ ಕತ್ತರಿಸದು.

ಅಲಗಿನ ಅಗಲ ಮತ್ತು ಕೋನದ ವ್ಯತ್ಯಾಸ

ಚಾಕುವಿನ ಅಂಚನ್ನು ಕಲ್ಲಿನ ಮೇಲಿಟ್ಟು ಬೆನ್ನನ್ನು ಸ್ವಲ್ಪ ಎತ್ತಿದಾಗ ಮಸೆಯುವ ಕೋನ ದೊರೆಯುತ್ತದೆ. ಬೆನ್ನನ್ನು ಎತ್ತಬೇಕಾದ ಎತ್ತರವು ಅಲಗಿನ ಅಗಲವನ್ನು ಆ ಕೋನದ ಸೈನ್ ಬೆಲೆಯಿಂದ ಗುಣಿಸಿದಷ್ಟಿರುತ್ತದೆ. ಅಲಗಿನ ದಪ್ಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, 20° ಕೋನಕ್ಕೆ ಬೇಕಾದ ಎತ್ತರವನ್ನೂ, ಆ ಎತ್ತರ ಕೇವಲ 1 ಮಿ.ಮೀ. ಹೆಚ್ಚು ಕಡಿಮೆಯಾದರೆ ಕೋನದಲ್ಲಾಗುವ ವ್ಯತ್ಯಾಸವನ್ನೂ ಕೆಳಗೆ ಕೊಡಲಾಗಿದೆ.

- 45 ಮಿ.ಮೀ. ಅಗಲದ ಅಡುಗೆಮನೆಯ ದೊಡ್ಡ ಚಾಕು: ಎತ್ತರ 15.4 ಮಿ.ಮೀ., ವ್ಯತ್ಯಾಸ ಸುಮಾರು 1.4°
- 20 ಮಿ.ಮೀ. ಅಗಲದ ಮಡಚುವ ಚಾಕು: ಎತ್ತರ 6.8 ಮಿ.ಮೀ., ವ್ಯತ್ಯಾಸ ಸುಮಾರು 3°
- 12 ಮಿ.ಮೀ. ಅಗಲದ ಪೆನ್ನುಚಾಕು: ಎತ್ತರ 4.1 ಮಿ.ಮೀ., ವ್ಯತ್ಯಾಸ ಸುಮಾರು 5°

ಹೀಗಾಗಿ ದೊಡ್ಡ ಚಾಕುವನ್ನು ಚೆನ್ನಾಗಿ ಮಸೆಯಬಲ್ಲವರಿಗೂ ಪೆನ್ನುಚಾಕು ಕಷ್ಟವೆನಿಸುವುದುಂಟು. ಕೈಯ ಅಲುಗಾಟ ಅಷ್ಟೇ ಇದ್ದರೂ ಅದರ ಪರಿಣಾಮ ಮೂರು ನಾಲ್ಕು ಪಟ್ಟು ಹೆಚ್ಚಾಗಿರುತ್ತದೆ. ಬೆನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತಿದ್ದರೆ ಓರೆಮುಖವು ಸಪಾಟಾಗದೆ ಉಬ್ಬುತ್ತದೆ, ಅಂಚಿನ ತುದಿ ಉರುಟಾಗಿಯೇ ಉಳಿಯುತ್ತದೆ.

ಮಸೆಯುವ ವಸ್ತುಗಳು

ಮಸೆಯುವ ವಸ್ತು ಉಕ್ಕಿಗಿಂತ ಗಟ್ಟಿಯಾಗಿರಬೇಕು. ನೈಸರ್ಗಿಕ ಕಲ್ಲುಗಳಲ್ಲಿ ಅಮೆರಿಕದ ಅರ್ಕನ್ಸಾ ಪ್ರಾಂತದ ನೋವಾಕ್ಯುಲೈಟ್, ಬೆಲ್ಜಿಯಂನ ಕೊಟಿಕ್ಯೂಲ್ ಹಾಗೂ ಜಪಾನಿನ ಕ್ಯೋಟೋ ಸುತ್ತಮುತ್ತಲ ಗಣಿಗಳ ಕಲ್ಲುಗಳು ಪ್ರಸಿದ್ಧವಾಗಿವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕೃತಕ ವಸ್ತುಗಳು.

- ಅಲ್ಯೂಮಿನಿಯಂ ಆಕ್ಸೈಡ್: ಕುರುಂದ ಎಂಬ ಖನಿಜದ ರಾಸಾಯನಿಕ ರೂಪ. ಮೋಸ್ ಗಡಸುತನದ ಮಾಪಕದಲ್ಲಿ ಕುರುಂದಕ್ಕೆ 9ನೆಯ ಸ್ಥಾನ. ನೀರುಗಲ್ಲು, ಎಣ್ಣೆಗಲ್ಲು ಹಾಗೂ ಸೆರಾಮಿಕ್ ಸರಳುಗಳಲ್ಲಿ ಇದನ್ನು ಬಳಸಲಾಗುತ್ತದೆ.
- ಸಿಲಿಕಾನ್ ಕಾರ್ಬೈಡ್: ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಇದನ್ನು ತಯಾರಿಸಿ ‘ಕಾರ್ಬೊರಂಡಮ್’ ಎಂದು ಹೆಸರಿಟ್ಟರು. ಒರಟಾದ, ವೇಗವಾಗಿ ಕೊರೆಯುವ ಕಲ್ಲುಗಳಿಗೆ ಇದು ಸೂಕ್ತ.
- ವಜ್ರದ ಪುಡಿ: ಲೋಹದ ಫಲಕದ ಮೇಲೆ ಕೂರಿಸಿದ ವಜ್ರದ ಕಣಗಳು. ವೆನೇಡಿಯಂ ಹೆಚ್ಚಾಗಿರುವ ಉಕ್ಕುಗಳಲ್ಲಿನ ಕಾರ್ಬೈಡ್ ಕಣಗಳು ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿಯಾಗಿರುವುದರಿಂದ ಅಂಥ ಚಾಕುಗಳಿಗೆ ವಜ್ರದ ಫಲಕಗಳು ಅನುಕೂಲ.

ಕಣಗಳ ಗಾತ್ರವನ್ನು ಗ್ರಿಟ್ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ಆದರೆ ಬೇರೆ ಬೇರೆ ಮಾನಕಗಳಲ್ಲಿ ಒಂದೇ ಸಂಖ್ಯೆಗೆ ಬೇರೆ ಬೇರೆ ಗಾತ್ರವಿರುತ್ತದೆ. ಜಪಾನಿನ ಮಾನಕದಲ್ಲಿ 1000 ಗ್ರಿಟ್ ಎಂದರೆ ಸುಮಾರು 11.5 ಮೈಕ್ರಾನ್ ಗಾತ್ರದ ಕಣ, ಯುರೋಪಿನ ಎಫ್ ಶ್ರೇಣಿಯಲ್ಲಿ ಅದೇ 1000 ಎಂದರೆ ಸುಮಾರು 4.5 ಮೈಕ್ರಾನ್. ಆದ್ದರಿಂದ ಕಲ್ಲುಗಳನ್ನು ಹೋಲಿಸುವಾಗ ಸಂಖ್ಯೆಗಿಂತ ಮೈಕ್ರಾನ್ ಅಳತೆ ಹೆಚ್ಚು ನಂಬಲರ್ಹ. ಸಣ್ಣ ಚಾಕು ಹಾನಿಗೊಳ್ಳದೆ ಕೇವಲ ಮೊಂಡಾಗಿದ್ದರೆ ಜಪಾನಿ ಮಾನಕದ 1000 ಗ್ರಿಟ್‌ನ ಒಂದೇ ಕಲ್ಲು ಸಾಕಾಗುತ್ತದೆ. ಅಂಚು ಮುರಿದಿದ್ದರೆ ಮಾತ್ರ ಒರಟು ಕಲ್ಲಿನಿಂದ ಆರಂಭಿಸಬೇಕು.

ಕೈಯಿಂದ ಮಸೆಯುವ ವಿಧಾನ

ಕಲ್ಲನ್ನು ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಡಲಾಗುತ್ತದೆ. ಕಲ್ಲಿನ ಬಗೆಗೆ ತಕ್ಕಂತೆ ನೀರನ್ನೋ ಎಣ್ಣೆಯನ್ನೋ ಬಳಸಲಾಗುತ್ತದೆ. ಇದರಿಂದ ಸವೆದ ಲೋಹದ ಪುಡಿ ಕಲ್ಲಿನ ರಂಧ್ರಗಳಲ್ಲಿ ಕಟ್ಟಿಕೊಳ್ಳುವುದು ತಪ್ಪುತ್ತದೆ. ಮುಂದಿನ ಹಂತಗಳು ಹೀಗಿವೆ.

1. ಓರೆಮುಖದ ಮೇಲೆ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿಯಲಾಗುತ್ತದೆ. ಎರಡು ಮೂರು ಬಾರಿ ಉಜ್ಜಿ ನೋಡಿದಾಗ ಶಾಯಿ ಅಂಚಿನಲ್ಲಿ ಅಳಿಸಿದೆಯೋ ಅದರ ಹಿಂದಿನ ಭಾಗದಲ್ಲಿ ಅಳಿಸಿದೆಯೋ ಎಂಬುದರಿಂದ ಕೋನ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯುತ್ತದೆ. ಶಾಯಿ ಪೂರ್ತಿ ಅಳಿಸಿದರೆ ಕೋನ ಸರಿಯಾಗಿದೆ.
2. ಒಂದು ಕೈಯಿಂದ ಹಿಡಿಯನ್ನು ಹಿಡಿದು, ಇನ್ನೊಂದು ಕೈಯ ಬೆರಳ ತುದಿಗಳಿಂದ ಅಲಗನ್ನು ಅಂಚಿನ ಸಮೀಪ ಹಗುರಾಗಿ ಒತ್ತಿ ಮಸೆಯಲಾಗುತ್ತದೆ. ಮಣಿಕಟ್ಟನ್ನು ಬಿಗಿಯಾಗಿಟ್ಟು ತೋಳನ್ನು ಚಲಿಸಿದರೆ ಕೋನ ಹೆಚ್ಚು ಸ್ಥಿರವಾಗಿರುತ್ತದೆ.
3. ಅಲಗಿನ ಮೊನೆಯ ಕಡೆ ಅಂಚು ಬಾಗಿರುವುದರಿಂದ, ಅಲ್ಲಿಗೆ ಬಂದಾಗ ಹಿಡಿಯನ್ನು ಸ್ವಲ್ಪ ಮೇಲೆತ್ತಿ ಬಾಗಿದ ಭಾಗವೂ ಅದೇ ಕೋನದಲ್ಲಿ ಕಲ್ಲಿಗೆ ತಾಗುವಂತೆ ನೋಡಿಕೊಳ್ಳಬೇಕು.
4. ಒಂದು ಬದಿಯಲ್ಲಿ ಮಸೆಯುತ್ತ ಹೋದಂತೆ ಲೋಹ ಎದುರು ಬದಿಗೆ ತಿರುಗಿ ತೆಳುವಾದ ಮಡಿಕೆಯಾಗುತ್ತದೆ. ಇದೇ ಬರ್. ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗಡೆಗೆ ಮೆಲ್ಲಗೆ ಸವರಿದಾಗ ಅದು ಗರಗರನೆ ತಗುಲುತ್ತದೆ. ಅಂಚಿನ ಉದ್ದಕ್ಕೂ ಬರ್ ಮೂಡಿದ ಮೇಲೆ ಮಾತ್ರ ಇನ್ನೊಂದು ಬದಿಯನ್ನು ಮಸೆಯಬೇಕು.
5. ಎರಡನೆಯ ಬದಿಯಲ್ಲೂ ಬರ್ ಮೂಡಿದ ನಂತರ, ಒತ್ತಡವನ್ನು ಕಡಿಮೆ ಮಾಡುತ್ತ ಬದಿಯಿಂದ ಬದಿಗೆ ಬದಲಾಯಿಸಿ ಮಸೆದು ಬರ್ ಅನ್ನು ತೆಗೆಯಲಾಗುತ್ತದೆ.
6. ಕೊನೆಯಲ್ಲಿ ಚರ್ಮದ ಪಟ್ಟಿಯ ಮೇಲೆ, ಬೆನ್ನು ಮುಂದಾಗಿ ಅಂಚು ಹಿಂದಾಗಿ ಇರುವಂತೆ ಎಳೆಯಲಾಗುತ್ತದೆ. ಅಂಚು ಮುಂದಾದರೆ ಚರ್ಮ ಸೀಳಿಹೋಗುತ್ತದೆ.

ಹೊಸಬರು ಎಡವುವುದು ಹೆಚ್ಚಾಗಿ 4ನೆಯ ಹಂತದಲ್ಲಿ. ಬರ್ ಮೂಡುವ ಮೊದಲೇ ನಿಲ್ಲಿಸಿದರೆ ಎರಡು ಓರೆಮುಖಗಳು ಒಂದನ್ನೊಂದು ಕೂಡಿರುವುದಿಲ್ಲ. ಮುಂದೆ ಎಷ್ಟೇ ನಯವಾದ ಕಲ್ಲನ್ನು ಬಳಸಿದರೂ ಮೊಂಡು ಅಂಚಿಗೇ ಹೊಳಪು ಬರುತ್ತದೆ. ಬರ್ ಅನ್ನು ತೆಗೆಯದೆ ಬಿಟ್ಟರೆ ಚಾಕು ಮೊದಲಿಗೆ ಹರಿತವಾಗಿರುವಂತೆ ತೋರಿ, ಆ ಮಡಿಕೆ ಬಾಗಿದೊಡನೆ ಮತ್ತೆ ಮೊಂಡಾಗುತ್ತದೆ.

ಕಲ್ಲಿನ ನಡುಭಾಗ ಬಳಕೆಯಿಂದ ಬೇಗ ಸವೆದು ಹಳ್ಳವಾಗುತ್ತದೆ. ಆಗಾಗ ವಜ್ರದ ಫಲಕದ ಮೇಲಾಗಲಿ, ಸಪಾಟಾದ ಗಾಜಿನ ಮೇಲಿಟ್ಟ ಒರಟು ಮರಳುಕಾಗದದ ಮೇಲಾಗಲಿ ಉಜ್ಜಿ ಅದನ್ನು ಸಮತಟ್ಟು ಮಾಡಬೇಕಾಗುತ್ತದೆ.

ಕೋನ ನಿಯಂತ್ರಿತ ಸಾಧನಗಳು

ಈ ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಕ್ಲ್ಯಾಂಪ್ ಮತ್ತು ಸರಳಿನ ಸಾಧನಗಳು: ಅಲಗಿನ ಬೆನ್ನನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಸರಳಿಗೆ ಜೋಡಿಸಿದ ಕಲ್ಲನ್ನು ಅಂಚಿನ ಮೇಲೆ ಆಡಿಸಲಾಗುತ್ತದೆ. ಸರಳು ಹಾದುಹೋಗುವ ರಂಧ್ರದ ಎತ್ತರ ಕೋನವನ್ನು ನಿರ್ಧರಿಸುತ್ತದೆ. ಅಮೆರಿಕದಲ್ಲಿ 1979ರಲ್ಲಿ ಆರಂಭವಾದ ಲ್ಯಾನ್ಸ್ಕಿ ಸಂಸ್ಥೆಯ ಸಾಧನದಲ್ಲಿ 17°, 20°, 25° ಮತ್ತು 30° ಎಂಬ ನಾಲ್ಕು ರಂಧ್ರಗಳಿವೆ. ವಿಕೆಡ್ ಎಡ್ಜ್ ಎಂಬ ಸಾಧನದಲ್ಲಿ ಅಲಗನ್ನು ನೆಟ್ಟಗೆ ನಿಲ್ಲಿಸಿ ಎರಡೂ ಬದಿಗಳಲ್ಲಿ ಎರಡು ಕಲ್ಲುಗಳನ್ನು ಆಡಿಸಲಾಗುತ್ತದೆ.

ಮೇಜು ಮತ್ತು ಸರಳಿನ ಸಾಧನಗಳು: ಇವುಗಳಲ್ಲಿ ಕ್ಲ್ಯಾಂಪ್ ಇರುವುದಿಲ್ಲ. ಅಲಗನ್ನು ಓರೆಯಾದ ಪುಟ್ಟ ಮೇಜಿನ ಮೇಲೆ ಒಂದು ಕೈಯಿಂದ ಒತ್ತಿಹಿಡಿದು, ಇನ್ನೊಂದು ಕೈಯಿಂದ ಸರಳಿನ ಕಲ್ಲನ್ನು ಚಲಿಸಲಾಗುತ್ತದೆ. ಎಡ್ಜ್ ಪ್ರೊ ಸಾಧನ ಈ ಬಗೆಯದು.

ವಿ ಆಕಾರದ ಸರಳುಗಳು: ಎರಡು ಸೆರಾಮಿಕ್ ಸರಳುಗಳನ್ನು ಓರೆಯಾಗಿ ನಿಲ್ಲಿಸಿ, ಚಾಕುವನ್ನು ಲಂಬವಾಗಿ ಹಿಡಿದು ಮೇಲಿನಿಂದ ಕೆಳಕ್ಕೆ ಎಳೆಯಲಾಗುತ್ತದೆ. ಸ್ಪೈಡರ್ಕೊ ಸಂಸ್ಥೆಯ ಶಾರ್ಪ್‌ಮೇಕರ್ ಇದರ ಪ್ರಸಿದ್ಧ ಉದಾಹರಣೆ. ಇದರಲ್ಲಿ 30° ಮತ್ತು 40° ಎಂಬ ಎರಡು ಒಟ್ಟು ಕೋನಗಳಿವೆ. ಓರೆಕೋನವನ್ನು ಅಂದಾಜು ಮಾಡುವುದಕ್ಕಿಂತ ಚಾಕುವನ್ನು ನೆಟ್ಟಗೆ ಹಿಡಿಯುವುದು ಸುಲಭ ಎಂಬುದು ಇದರ ತತ್ತ್ವ.

ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುವ, ಸೀಳಿನಲ್ಲಿ ಚಾಕುವನ್ನಿಟ್ಟು ಎಳೆಯುವ ಸಾಧನಗಳೂ ಕೋನವನ್ನು ಸ್ಥಿರವಾಗಿಡುತ್ತವೆ. ಆದರೆ ಅವುಗಳಲ್ಲಿನ ಕಾರ್ಬೈಡ್ ಚೂರುಗಳು ಅಂಚನ್ನು ಉಜ್ಜುವ ಬದಲು ಹೆರೆಯುತ್ತವೆ. ಸಣ್ಣ ಅಲಗು ಇವುಗಳಿಂದ ಬೇಗ ಸವೆಯುತ್ತದೆ.

ಸಣ್ಣ ಅಲಗುಗಳಲ್ಲಿ ಈ ಸಾಧನಗಳ ಮಿತಿ

ಕ್ಲ್ಯಾಂಪಿನ ದವಡೆಗಳು ಬೆನ್ನಿನ ಕೆಲವು ಮಿಲಿಮೀಟರುಗಳನ್ನಾದರೂ ಹಿಡಿಯಬೇಕು. ಅಲಗಿನ ಅಗಲವೇ ಕಡಿಮೆಯಿದ್ದಾಗ ಅಂಚು ದವಡೆಗಳಿಗೆ ತೀರ ಹತ್ತಿರವಾಗಿ, ಕಡಿಮೆ ಕೋನಗಳಲ್ಲಿ ಕಲ್ಲು ಅಂಚಿಗೆ ತಾಗುವ ಮೊದಲೇ ಕ್ಲ್ಯಾಂಪಿಗೆ ತಾಗುತ್ತದೆ. ಮಡಚಿದಾಗ 58 ಮಿ.ಮೀ. ಉದ್ದವಿರುವ ಕೀಲಿಗೊಂಚಲಿನ ಚಾಕುಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ.

ಸಾಧನದ ಮೇಲೆ ಬರೆದಿರುವ ಕೋನ ಒಂದು ನಿರ್ದಿಷ್ಟ ಅಂತರಕ್ಕೆ ಮಾತ್ರ ಸರಿಹೊಂದುತ್ತದೆ. ಉದಾಹರಣೆಗೆ, ರಂಧ್ರದಿಂದ ಅಂಚಿಗೆ 100 ಮಿ.ಮೀ. ಅಂತರವಿದ್ದಾಗ 20° ಕೊಡುವ ರಂಧ್ರ, ಅಂತರ 85 ಮಿ.ಮೀ.ಗೆ ಇಳಿದರೆ ಸುಮಾರು 23° ಕೊಡುತ್ತದೆ, 120 ಮಿ.ಮೀ.ಗೆ ಏರಿದರೆ ಸುಮಾರು 17° ಕೊಡುತ್ತದೆ. ಕಿರಿದಾದ ಅಲಗು ಕ್ಲ್ಯಾಂಪಿನಿಂದ ಕಡಿಮೆ ಹೊರಚಾಚುವುದರಿಂದ ಅದಕ್ಕೆ ದೊರೆಯುವ ಕೋನ ಬರೆದಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ಇಲ್ಲಿಯೂ ಶಾಯಿಯ ಪರೀಕ್ಷೆ ಅಗತ್ಯ.

ಕಲ್ಲು ಸರಳಿನ ಸುತ್ತ ಸ್ವತಂತ್ರವಾಗಿ ತಿರುಗುವಂತಿದ್ದರೆ ನೇರವಾದ ಅಂಚಿನ ಉದ್ದಕ್ಕೂ ಕೋನ ಬದಲಾಗುವುದಿಲ್ಲ. ಮೊನೆಯ ಬಳಿ ಅಂಚು ಬಾಗಿದಲ್ಲಿ ಮಾತ್ರ ಬದಲಾಗುತ್ತದೆ. ಅಲಗನ್ನು ಹಿಡಿಸುವ ಜಾಗವನ್ನು ಮೊನೆಯ ಕಡೆಗೋ ಹಿಡಿಯ ಕಡೆಗೋ ಸರಿಸಿ ಈ ವ್ಯತ್ಯಾಸವನ್ನು ತಗ್ಗಿಸಬಹುದು. ಮುಂದಿನ ಬಾರಿಯೂ ಅದೇ ಜಾಗದಲ್ಲಿ ಹಿಡಿಸಲು ಗುರುತು ಮಾಡಿಟ್ಟುಕೊಳ್ಳುವುದು ರೂಢಿ.

ಬೆನ್ನಿನಿಂದ ಅಂಚಿನವರೆಗೆ ತೆಳುವಾಗುತ್ತ ಬರುವ ಅಲಗು ಕ್ಲ್ಯಾಂಪಿನಲ್ಲಿ ಓರೆಯಾಗಿ ಕೂರುವ ಸಾಧ್ಯತೆಯೂ ಇದೆ. ಹಾಗಾದಾಗ ಎರಡು ಬದಿಗಳ ಕೋನಗಳು ಬೇರೆ ಬೇರೆಯಾಗುತ್ತವೆ. ಒಂದರ ನಂತರ ಒಂದರಂತೆ ಬಳಸುವ ಕಲ್ಲುಗಳ ದಪ್ಪದಲ್ಲಿ ವ್ಯತ್ಯಾಸವಿದ್ದರೂ ಕೋನ ಬದಲಾಗುತ್ತದೆ.

ಎರಡು ವಿಧಾನಗಳ ಹೋಲಿಕೆ

- ಕಲಿಕೆ: ಕೋನ ನಿಯಂತ್ರಿತ ಸಾಧನದಿಂದ ಮೊದಲ ಪ್ರಯತ್ನದಲ್ಲೇ ತೃಪ್ತಿಕರ ಫಲ ದೊರೆಯಬಹುದು. ಕೈಯಿಂದ ಮಸೆಯಲು ಅಭ್ಯಾಸ ಬೇಕು, ಅದರಲ್ಲೂ ಸಣ್ಣ ಚಾಕುವಿಗೆ ಹೆಚ್ಚಿನ ಅಭ್ಯಾಸ ಬೇಕು.
- ಏಕರೂಪತೆ: ಸಾಧನದಲ್ಲಿ ಅದೇ ಕೋನವನ್ನು ಮತ್ತೆ ಮತ್ತೆ ಪಡೆಯಬಹುದಾದ್ದರಿಂದ ಪ್ರತಿ ಬಾರಿ ಸವೆಯುವ ಲೋಹ ಕಡಿಮೆ. ಕ್ಲ್ಯಾಂಪಿನ ಜಾಗ ಬದಲಾದರೆ ಈ ಅನುಕೂಲ ಇಲ್ಲವಾಗುತ್ತದೆ.
- ಸಮಯ: ಅಭ್ಯಾಸವುಳ್ಳವರು ಮೊಂಡಾದ ಪೆನ್ನುಚಾಕುವನ್ನು ಕಲ್ಲಿನ ಮೇಲೆ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ. ಸಾಧನವನ್ನು ಜೋಡಿಸಿ ಕೋನ ಹೊಂದಿಸಲು ಅದಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು.
- ವೆಚ್ಚ: ಒಂದು ಕಲ್ಲು ಮನೆಯ ಎಲ್ಲ ಚಾಕುಗಳಿಗೂ ಸಾಕು. ಉತ್ತಮ ಸಾಧನಗಳು ದುಬಾರಿ, ಅವುಗಳ ಕಲ್ಲುಗಳನ್ನೂ ಆಯಾ ಸಾಧನಕ್ಕೆ ಹೊಂದುವಂತೆಯೇ ಕೊಳ್ಳಬೇಕು.
- ಸಂವೇದನೆ: ಕೈಯಿಂದ ಮಸೆಯುವಾಗ ಅಂಚು ಕಲ್ಲಿಗೆ ತಾಗುವ ಬಗೆ ಬೆರಳುಗಳಿಗೂ ಕಿವಿಗೂ ತಿಳಿಯುತ್ತದೆ. ಸಾಧನದಲ್ಲಿ ಈ ಅರಿವು ಕಡಿಮೆ.

ಅಲಗಿನ ರಚನೆಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಸ್ವೀಡನ್ನಿನ ಮೋರಾ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಚಾಕುಗಳಂತೆ, ಸ್ಕ್ಯಾಂಡಿನೇವಿಯಾದ ಮರಕೆತ್ತನೆಯ ಚಾಕುಗಳಲ್ಲಿ ಓರೆಮುಖವು ಹಲವು ಮಿಲಿಮೀಟರ್ ಅಗಲವಾಗಿರುತ್ತದೆ. ಅದನ್ನು ಕಲ್ಲಿನ ಮೇಲೆ ಸಪಾಟಾಗಿ ಒರಗಿಸಿದರೆ ಕೋನ ತಾನಾಗಿಯೇ ಸರಿಹೊಂದುವುದರಿಂದ ಬೇರೆ ಸಾಧನ ಬೇಕಾಗುವುದಿಲ್ಲ. ಓರೆಮುಖ ತೀರ ಕಿರಿದಾಗಿರುವ ಮಡಚುವ ಚಾಕುಗಳಲ್ಲಿ ಇಂಥ ಆಸರೆ ದೊರೆಯದು. ಆದ್ದರಿಂದ 20 ಮಿ.ಮೀ. ಆಸುಪಾಸಿನ ಅಗಲದ ಮಡಚುವ ಚಾಕುಗಳಿಗೆ ಕ್ಲ್ಯಾಂಪಿನ ಸಾಧನವೂ, ಕ್ಲ್ಯಾಂಪಿಗೆ ಸಿಗದಷ್ಟು ಕಿರಿದಾದ ಅಲಗುಗಳಿಗೆ ವಿ ಆಕಾರದ ಸರಳುಗಳು ಅಥವಾ ಕೈಯಿಂದ ಮಸೆಯುವ ವಿಧಾನವೂ ಹೆಚ್ಚು ಹೊಂದುತ್ತವೆ. ಅಂಚಿಗೆ ಮೊದಲು ಸಾಧನದಿಂದ ಸರಿಯಾದ ಕೋನ ಕೊಟ್ಟು, ಆನಂತರದ ದಿನಬಳಕೆಯ ನಿರ್ವಹಣೆಯನ್ನು ಕೈಯಿಂದಲೇ ಮಾಡುವ ಮಿಶ್ರ ಪದ್ಧತಿಯೂ ಬಳಕೆಯಲ್ಲಿದೆ.

ಹರಿತದ ಪರೀಕ್ಷೆ

ಅಂಚನ್ನು ಬೆಳಕಿಗೆ ನೇರವಾಗಿ ಹಿಡಿದು ನೋಡಿದಾಗ ಎಲ್ಲಾದರೂ ಮಿನುಗು ಕಂಡರೆ ಆ ಭಾಗ ಇನ್ನೂ ಮೊಂಡಾಗಿದೆ ಎಂದರ್ಥ. ಹರಿತವಾದ ಅಂಚು ಬೆಳಕನ್ನು ಪ್ರತಿಫಲಿಸುವುದಿಲ್ಲ. ತೆಳುವಾದ ಕಾಗದವನ್ನು ಗಾಳಿಯಲ್ಲಿ ಹಿಡಿದು ಕತ್ತರಿಸುವುದು ಮತ್ತು ಟೊಮೇಟೊವಿನ ಸಿಪ್ಪೆಯನ್ನು ಒತ್ತಡವಿಲ್ಲದೆ ಸೀಳುವುದು ಮನೆಯಲ್ಲಿ ಮಾಡಬಹುದಾದ ಇತರ ಪರೀಕ್ಷೆಗಳು. ಕೈಗಾರಿಕೆಯಲ್ಲಿ ಐಎಸ್‌ಒ 8442-5 ಮಾನಕದಂತೆ ಯಂತ್ರದ ಮೂಲಕ ಸಿಲಿಕಾ ಬೆರೆಸಿದ ರಟ್ಟನ್ನು ಕತ್ತರಿಸಿ ಹರಿತವನ್ನೂ ಅದರ ಬಾಳಿಕೆಯನ್ನೂ ಅಳೆಯಲಾಗುತ್ತದೆ.

ಭಾರತದಲ್ಲಿ

ಭಾರತದ ಊರುಗಳಲ್ಲಿ ಚಾಕು, ಕತ್ತರಿ, ಈಳಿಗೆಗಳಿಗೆ ಸಾಣೆ ಹಿಡಿಯುವವರು ಬೀದಿಬೀದಿ ಸುತ್ತಿ ಸೇವೆ ನೀಡುವ ಪದ್ಧತಿಯಿದೆ. ಸೈಕಲ್ಲಿಗೆ ಜೋಡಿಸಿದ ಚಕ್ರವನ್ನು ಪೆಡಲಿನಿಂದ ತಿರುಗಿಸಿ ಅಲಗನ್ನು ಅದಕ್ಕೆ ಒಡ್ಡಲಾಗುತ್ತದೆ. ಇಲ್ಲಿ ಕೋನವನ್ನು ಕಾಯುವುದು ಕೆಲಸಗಾರರ ಕೈಯ ಪಳಗಿಕೆಯೇ. ದಪ್ಪನೆಯ ಈಳಿಗೆ, ಕತ್ತಿಗಳಿಗೆ ಈ ಕ್ರಮ ಹೊಂದುತ್ತದೆ. ತೆಳುವಾದ ಸಣ್ಣ ಅಲಗು ಮಾತ್ರ ಒಣ ಚಕ್ರದ ಘರ್ಷಣೆಗೆ ಬೇಗನೆ ಬಿಸಿಯಾಗುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಷ್ಣತೆ ಸುಮಾರು 300° ಸೆಲ್ಸಿಯಸ್ ಮುಟ್ಟಿ ಉಕ್ಕಿನ ಹದ ಕೆಟ್ಟಿದೆ ಎಂದು ತಿಳಿಯಬೇಕು. ಅಂಥ ಅಂಚು ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಆಗಾಗ ನೀರಿನಲ್ಲಿ ಅದ್ದುವುದರಿಂದ ಇದನ್ನು ತಪ್ಪಿಸಬಹುದು.

ಕಲ್ಲು ಇಲ್ಲದಿದ್ದಾಗ ಪಿಂಗಾಣಿ ಬಟ್ಟಲಿನ ತಳದಲ್ಲಿರುವ, ಹೊಳಪು ಲೇಪನವಿಲ್ಲದ ಉಂಗುರದಂಥ ಅಂಚಿನ ಮೇಲೆ ಸಣ್ಣ ಚಾಕುವನ್ನು ಮಸೆಯುವ ಉಪಾಯವೂ ಬಳಕೆಯಲ್ಲಿದೆ.

ಸುರಕ್ಷತೆ

ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುವುದರಿಂದ ಅದು ಜಾರಿ ಗಾಯವಾಗುವ ಅಪಾಯ ಹೆಚ್ಚು. ಮಡಚುವ ಚಾಕುಗಳಲ್ಲಿ ಅಲಗನ್ನು ನಿಲ್ಲಿಸುವ ಬೀಗವಿಲ್ಲದಿದ್ದರೆ ಮಸೆಯುವಾಗ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಎಚ್ಚರ ವಹಿಸಬೇಕು. ಕ್ಲ್ಯಾಂಪಿನ ಸಾಧನಗಳಲ್ಲಿ ಕೈ ಅಂಚಿನ ಎದುರಿನಲ್ಲೇ ಚಲಿಸುವುದರಿಂದ ಕಲ್ಲಿನ ಹಿಡಿಯಿಂದ ಬೆರಳು ಹೊರಚಾಚಬಾರದು. ಬರ್ ಅನ್ನು ಪರೀಕ್ಷಿಸುವಾಗ ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ, ಯಾವಾಗಲೂ ಬೆನ್ನಿನ ಕಡೆಯಿಂದ ಹೊರಕ್ಕೆ ಸವರಬೇಕು. ಕೆಲಸ ಮುಗಿದ ಮೇಲೆ ಲೋಹದ ಪುಡಿ ಉಳಿಯದಂತೆ ಅಲಗನ್ನು ತೊಳೆದು ಒರೆಸಬೇಕು. ತುಕ್ಕು ಹಿಡಿಯುವ ಕಾರ್ಬನ್ ಉಕ್ಕಿನ ಅಲಗಾಗಿದ್ದರೆ ತೆಳುವಾಗಿ ಎಣ್ಣೆ ಸವರಿ ಇಡುವುದು ಒಳ್ಳೆಯದು.